ಎಡಗಾಲು 14½ ಇಂಚು

ನಾನು ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೀಲುಗಳು ಉರಿಯೂತದಿಂದ ಬಾತು ನೋಯುವ ರುಮಟಾಯ್ಡ್ ಆರ್ಥ್ರೈಟಿಸ್ ಬಂದು 11 ವರ್ಷ ಆಯಿತು. ಮನೆಯಲ್ಲಿ ಎಲ್ಲರೂ ಅದಕ್ಕೆ 'ವಾತ' ಅಂತಲೇ ಅನ್ನುತ್ತೇವೆ. ಈ ಕಾಯಿಲೆ ಹಳೆಯದಾದ ಹಾಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತದೆ. ಮೈಯಲ್ಲಿ ಎಲ್ಲಿ ನೋವು ಬಂದರೂ 'ಅದೇ ವಾತ' ಅಂದು ಸುಮ್ಮನಾಗುವುದು. ಹಾಗೆ ಸುಮ್ಮನಿದ್ದು ನಾನು ಆರು ದಿನ ಕಳೆದೆ.

ಹೋದ ಮಳೆಗಾಲದಲ್ಲಿ ವಾತ ಕೆರಳಿತು. ಮಂಡಿ, ಮಣಿಕಟ್ಟು ಬಾತುಕೊಂಡು ಹತ್ತು ದಿನ ಮಂಚ ಬಿಟ್ಟು ಎದ್ದಿಲ್ಲ. ಸ್ವಲ್ಪ ಇಳಿಯಿತು ಅನ್ನುವಾಗ ಅಕ್ಕನ ಮಗಳ ಮದುವೆಗೆ ಬೆಂಗಳೂರಿನ ಬಸ್ ಹತ್ತಿದೆ. ಹತ್ತಿ ಇಳಿಯುವುದು ಕಷ್ಟ ಅಂತ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗಲೂ ಸೀಟು ಬಿಡಲಿಲ್ಲ. ಬಾತ್‌ರೂಮಿನ ಚಿಂತೆ ಬೇಡ ಅಂತ ನೀರೂ ಕುಡಿಯಲಿಲ್ಲ. ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ವಾಪಸ್ ಬಂದ ಮೂರನೇ ದಿನ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ನನ್ನ ಕೀಲುನೋವು ಬೆಳಗ್ಗೆ ಜಾಸ್ತಿ, ಓಡಾಡಿದ ಮೇಲೆ ಸಡಿಲ. ಇದು ಉಲ್ಟಾ. ಕಾಲು ಕೆಳಗಿಟ್ಟು ನಿಂತಷ್ಟೂ ಬಿಗಿಯುತ್ತಿತ್ತು. "ಉಳುಕಿರ್ಬೇಕು ಬಿಡೇ" ಅಂತ ಅತ್ತೆ ಎಣ್ಣೆ ಬಿಸಿ ಮಾಡಿ ಎರಡು ದಿನ ತಿಕ್ಕಿದರು. ಪಾಪ, ಅವರಿಗೇನು ಗೊತ್ತು. ಕ್ಲಿನಿಕ್ಕಿಗೂ ಹೋಗಿದ್ದೆ. ಒಳಗೆ ಕಾಲಿಡುತ್ತಲೇ "ಮತ್ತೆ ವಾತ ಸಾರ್" ಅಂದೆ. ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದರು. ಕಾಯಿಲೆಯ ಹೆಸರನ್ನು ನಾನೇ ಹೇಳಿಬಿಟ್ಟ ಮೇಲೆ ಅವರು ಇನ್ನೇನು ಹುಡುಕಬೇಕು?

ಆರನೇ ದಿನ ಲಂಗ ಎತ್ತಿ ನೋಡಿದರೆ ಎಡಗಾಲು ಬೇರೆ ಯಾರದ್ದೋ ಅನ್ನಿಸಿತು. ಕೊರಳಲ್ಲಿ ಟೇಪ್ ಇತ್ತು. ಎರಡೂ ಮೀನಖಂಡ ಅಳೆದೆ. ಬಲಗಾಲು 13 ಇಂಚು, ಎಡಗಾಲು 14½. ಹೊಲಿಗೆಯಲ್ಲಿ ಒಂದೂವರೆ ಇಂಚು ಸಣ್ಣ ಲೆಕ್ಕ ಅಲ್ಲ, ಬ್ಲೌಸೇ ಬೇರೆಯಾಗುತ್ತದೆ. 11 ವರ್ಷದಲ್ಲಿ ನನ್ನ ವಾತ ಯಾವತ್ತೂ ಒಂದೇ ಕಡೆ ಬಂದಿರಲಿಲ್ಲ. ಬಂದರೆ ಎರಡೂ ಕೈ, ಎರಡೂ ಮಂಡಿ. ಆಗಲೇ ಹೆದರಿಕೆಯಾಗಿ ವಾತದ ಡಾಕ್ಟರಿಗೆ ಫೋನ್ ಮಾಡಿ ಅಳತೆ ಹೇಳಿದೆ.

"ಕಾಲು ತಿಕ್ಕಬೇಡಿ. ಇವತ್ತೇ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ ಸೀದಾ ಎಮರ್ಜೆನ್ಸಿಗೆ ಹೋಗಿ" ಅಂದರು ಮೇಡಂ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಅನ್ನುವ ಅನುಮಾನ ಅವರಿಗೆ. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯವಂತೆ.

ಸ್ಕ್ಯಾನಿನಲ್ಲಿ ಕಾಲಿಗೆ ಜೆಲ್ ಹಚ್ಚಿ ಒತ್ತುತ್ತಾ ಹೋಗುತ್ತಾರೆ. ಚೆನ್ನಾಗಿರುವ ರಕ್ತನಾಳ ಒತ್ತಿದಾಗ ಚಪ್ಪಟೆಯಾಗುತ್ತದೆ. ನನ್ನ ಮಂಡಿಯ ಹಿಂದಿನದು ಆಗಲಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿತ್ತು. ವಾತ ಇರುವವರಿಗೆ ಮಂಡಿಯ ಹಿಂದೆ ನೀರುಗಂಟು ಆಗಿ, ಅದು ಒಡೆದರೂ ಕಾಲು ಹೀಗೇ ಊದುತ್ತದಂತೆ. ಕಣ್ಣಳತೆಯಲ್ಲಿ ಎರಡನ್ನೂ ಬೇರೆ ಮಾಡುವುದು ಕಷ್ಟ, ಅದಕ್ಕೇ ಸ್ಕ್ಯಾನ್. ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ಅನ್ನುವ ರಕ್ತ ಪರೀಕ್ಷೆಯನ್ನು ಮೇಡಂ ಬರೆಯಲಿಲ್ಲ. ನಮ್ಮಂಥವರಲ್ಲಿ ಉರಿಯೂತದಿಂದಲೇ ಅದು ಜಾಸ್ತಿ ಇರುತ್ತದೆ, ಅದರಿಂದ ಏನೂ ತೀರ್ಮಾನವಾಗುವುದಿಲ್ಲ ಅಂದರು. ಅದೇ ಉರಿಯೂತ ರಕ್ತವನ್ನೂ ಬೇಗ ಹೆಪ್ಪುಗಟ್ಟುವ ಹಾಗೆ ಮಾಡುತ್ತದೆ ಅನ್ನುವುದು ನನಗೆ ಆವತ್ತು ಗೊತ್ತಾಯಿತು. ವಾತ ಕೀಲಿನಲ್ಲಿ ಮಾತ್ರ ಇರುತ್ತದೆ ಅಂದುಕೊಂಡಿದ್ದೆ.

ಏಳು ತಿಂಗಳಿಂದ ವಾತಕ್ಕೆ ಟೋಫಾಸಿಟಿನಿಬ್ ಮಾತ್ರೆ ನುಂಗುತ್ತಿದ್ದೆ. ಅದನ್ನು ನಿಲ್ಲಿಸಿದರು. ಆ ಗುಂಪಿನ ಮಾತ್ರೆಗಳಿಗೆ ಹೆಪ್ಪಿನ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಗಟ್ಟಿ ಎಚ್ಚರಿಕೆ ಕೊಟ್ಟಿದೆ. ಮಾತ್ರೆಯಿಂದ ಆಯಿತೋ, ಮಲಗಿದ್ದರಿಂದಲೋ, ಬಸ್ಸಿನಿಂದಲೋ? ಮೇಡಂ ಯಾವುದರ ಮೇಲೂ ಬೆರಳಿಟ್ಟು ಹೇಳಲಿಲ್ಲ. ವಾತದ್ದೇ ಇನ್ನೊಂದು ಔಷಧಿ, ವಾರಕ್ಕೊಂದು ದಿನದ ಮೆಥೋಟ್ರೆಕ್ಸೇಟ್, ಮುಂದುವರಿಯಿತು.

ರಕ್ತ ತೆಳುವಾಗಲು ರಿವರೊಕ್ಸಾಬಾನ್ ಕೊಟ್ಟರು. ಮೊದಲ 21 ದಿನ 15 ಮಿಲಿಗ್ರಾಂ ಎರಡು ಹೊತ್ತು, ಆಮೇಲೆ 20 ಮಿಲಿಗ್ರಾಂ ಒಂದು ಹೊತ್ತು. ಊಟದ ಜೊತೆಯೇ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ನನ್ನ ಶನಿವಾರದ ಒಪ್ಪೊತ್ತು ಅಲ್ಲಿಗೆ ನಿಂತಿತು. ಅದಕ್ಕಿಂತ ಕಷ್ಟವಾದದ್ದು ನೋವಿನ ಮಾತ್ರೆ ಡೈಕ್ಲೋಫೆನಾಕ್ ಬಿಟ್ಟಿದ್ದು. ಮದುವೆ ಸೀಸನ್ನಿನಲ್ಲಿ ಅದನ್ನೇ ನುಂಗಿ ಹೊಲಿಯುತ್ತಿದ್ದೆ. ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಭಯ. ಈಗ ಪ್ಯಾರಸಿಟಮಾಲ್ ಮಾತ್ರ, ಆರ್ಡರೂ ಕಡಿಮೆ ತಗೊಳ್ಳುತ್ತೇನೆ. ಸೂಜಿ ಚುಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ, ಹತ್ತಿ ಪಕ್ಕದಲ್ಲೇ ಇರುತ್ತದೆ.

ಸಂಜೆಯ ಊತಕ್ಕೆ ಬಿಗಿ ಸ್ಟಾಕಿಂಗ್ಸ್ ಬರೆದುಕೊಟ್ಟರು. ಸೊಟ್ಟಗಾದ ಬೆರಳಲ್ಲಿ ಅದನ್ನು ಎಳೆಯುವುದು ಹೇಗೆ? ಮೊದಲ ವಾರ ಅತ್ತುಬಿಟ್ಟೆ. ಆಮೇಲೆ ನನ್ನ ಕಸುಬೇ ಉಪಾಯ ಕೊಟ್ಟಿತು. ಸ್ಯಾಟಿನ್ ತುಂಡಲ್ಲಿ ಸಡಿಲ ಚೀಲ ಹೊಲಿದು ಪಾದಕ್ಕೆ ಹಾಕುತ್ತೇನೆ, ಅದರ ಮೇಲೆ ಸ್ಟಾಕಿಂಗ್ಸ್ ಸರ್ರನೆ ಜಾರುತ್ತದೆ. ಸ್ಟಾಕಿಂಗ್ಸ್ ಕಾಲ್ಬೆರಳ ಕಡೆ ತೆರೆದಿರುವುದರಿಂದ ಚೀಲವನ್ನು ಅಲ್ಲಿಂದ ಎಳೆದು ತೆಗೆಯಬಹುದು. ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಇದ್ದರೆ ಹಿಡಿತ ಚೆನ್ನಾಗಿ ಸಿಗುತ್ತದೆ. ಬೆಳಗ್ಗೆ ಊತ ಬರುವ ಮುಂಚೆ ಹಾಕಬೇಕು ಅನ್ನುತ್ತಾರೆ, ಆದರೆ ನಮ್ಮ ಬೆರಳು ಬಿಡಿಸಿಕೊಳ್ಳುವುದೇ ಎಂಟು ಗಂಟೆಗೆ! ಅದಕ್ಕೇ ಮಗಳು ಕಾಲೇಜಿಗೆ ಹೋಗುವ ಮೊದಲು ಹಾಕಿಕೊಡುತ್ತಾಳೆ.

ಮಂಡಿ ನೋವಲ್ಲಿ ತುಳಿಯಲು ಆಗುವುದಿಲ್ಲ ಅಂತ ಮೂರು ವರ್ಷದ ಹಿಂದೆ ಮಿಷನ್ನಿಗೆ ಮೋಟರ್ ಹಾಕಿಸಿದ್ದೆ. ಅಂದಿನಿಂದ ಕಾಲಿಗೆ ಕೆಲಸವೇ ಇರಲಿಲ್ಲ. ಈಗ ಒಂದು ತೋಳು ಹೊಲಿದು ಮುಗಿಸಿದರೆ ಎದ್ದು ಅಡುಗೆಮನೆವರೆಗೆ ಹೋಗಿ ನೀರು ಕುಡಿದು ಬರುತ್ತೇನೆ. ಅಳತೆ ಪುಸ್ತಕದಲ್ಲಿ ಗಿರಾಕಿಗಳ ನಡುವೆ ನನ್ನದೂ ಒಂದು ಪುಟ ಇದೆ. ಪ್ರತಿ ಸೋಮವಾರ ಎರಡೂ ಕಾಲಿನ ಅಳತೆ ಬರೆಯುತ್ತೇನೆ. ಈ ವಾರ ಬಲಗಾಲು 13, ಎಡಗಾಲು 13¼.