ಹೆಬ್ಬರೆ ಸಾಲು, ಇರುಳೆ ಹೊಳೆ: ಗಡಿಯನ್ನು ನೀರಿನಿಂದಲೇ ಬರೆಸಿದ ನನ್ನ ಅನುಭವ

ನನ್ನ ಕಾದಂಬರಿಯ ಮೂಡುಸೀಮೆಗೆ ಪಶ್ಚಿಮದ ಗಡಿಯಾಗಿ ನಿಂತಿರುವ ಹೆಬ್ಬರೆ ಬೆಟ್ಟಸಾಲು ಮತ್ತು ಅದರ ಪಕ್ಕದಲ್ಲಿ ಹರಿಯುವ ಇರುಳೆ ಹೊಳೆ ಈಗ ಅಂತಿಮ ನಕ್ಷೆಯಲ್ಲಿವೆ. ಹಲಗೆಯ ಮೇಲೆ ಮಣ್ಣು ಕಟ್ಟಿ, ನೀರು ಸಿಂಪಡಿಸಿ, ನೀರು ಹಿಡಿದ ದಾರಿಯನ್ನೇ ನಕ್ಷೆಗೆ ಇಳಿಸಿದ್ದೇನೆ. ಕಥೆಗೆ ಮಾತು ಸಾಕು, ಮಣ್ಣು ಏಕೆ ಎಂದು ಬರೆಯುವ ಗೆಳೆಯರೇ ಕೇಳಿದ್ದರು. ಪ್ರಕಾಶಕರೊಬ್ಬರು ಇದನ್ನು ಕಾಲಹರಣವೆಂದಿದ್ದರು. ಹಸ್ತಪ್ರತಿ ಓದಿದ ಮೇಲೆ ಅದೇ ಗೆಳೆಯರು ಹಲಗೆಯನ್ನು ನೋಡಲು ಮನೆಗೆ ಬಂದರು.

ಮೊದಲು ಚಿತ್ರಕಾರರೊಬ್ಬರಿಂದ ಬರೆಸಿದ ನಕ್ಷೆಗೆ ಎಂಟು ಸಾವಿರದಷ್ಟು ಖರ್ಚಾಗಿತ್ತು. ನಕ್ಷೆ ಚೆಲುವಾಗಿತ್ತು, ಆದರೆ ಅದರಲ್ಲಿ ಹೊಳೆ ಬೆಟ್ಟದ ಬುಡಕ್ಕೆ ಅಂಟಿಕೊಂಡು ಇನ್ನೂರು ಕಿಲೋಮೀಟರು ಹರಿಯುತ್ತಿತ್ತು. ಬೆಟ್ಟದಿಂದ ಇಳಿದ ನೀರು ಬೆಟ್ಟವನ್ನು ಬಿಟ್ಟು ದೂರ ಸರಿಯುತ್ತದೆಯೇ ಹೊರತು ಕಾವಲುಗಾರನಂತೆ ಅದರ ಪಕ್ಕದಲ್ಲೇ ನಡೆಯುವುದಿಲ್ಲ. ಆ ಹಣ ಹೋದಂತೆಯೇ ಆಯಿತು. ಮಣ್ಣಿನ ಮಾದರಿಗೆ ಒಟ್ಟು ಮೂರು ಸಾವಿರ ದಾಟಿರಲಾರದು, ಅದರಲ್ಲೂ ಪ್ಲೈವುಡ್ ಹಲಗೆಗೇ ಅರ್ಧ.

ಹಲಗೆ ನಾಲ್ಕಡಿ ಉದ್ದ, ಮೂರಡಿ ಅಗಲ. ಒಂದು ಸೆಂಟಿಮೀಟರಿಗೆ ಎರಡು ಕಿಲೋಮೀಟರು ಎಂದು ಹಿಡಿದರೆ, ಮುಳ್ಳಯ್ಯನಗಿರಿಯಷ್ಟು, ಅಂದರೆ 1,900 ಮೀಟರಿಗೂ ಮಿಕ್ಕಿದ ಎತ್ತರದ ಶಿಖರವೂ ಹಲಗೆಯ ಮೇಲೆ ಒಂದು ಸೆಂಟಿಮೀಟರನ್ನು ಮುಟ್ಟುವುದಿಲ್ಲ. ಆದ್ದರಿಂದ ಎತ್ತರವನ್ನು ಆರು ಪಟ್ಟು ಹಿಗ್ಗಿಸಿದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಟ್ಟಿಯಾಗಿ ಕೂತುಬಿಟ್ಟು ನೀರು ಅದನ್ನು ಕೊರೆಯಲೇ ಇಲ್ಲ. ಕುಂಬಾರರ ಜೇಡಿಮಣ್ಣು ಒಣಗುತ್ತಲೇ ಬಿರುಕು ಬಿಟ್ಟು, ನೀರೆಲ್ಲ ಬಿರುಕಿನೊಳಗೆ ಇಳಿಯಿತು. ಬರೀ ಮರಳು ಕಟ್ಟಿದರೆ ಶಿಖರಗಳು ಒಂದೇ ಸಂಜೆಗೆ ಕರಗಿದವು. ಕೊನೆಗೆ ನಿಂತದ್ದು ಸಣ್ಣ ಮರಳು, ಜೇಡಿ ಮತ್ತು ಇನ್ನೊಂದು ವಸ್ತುವಿನ ಮಿಶ್ರಣ. ಆ ವಸ್ತುವನ್ನೂ ಬೆರೆಸುವ ಪ್ರಮಾಣವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬೆಟ್ಟಸಾಲಿಗೆ ಸಮಾನಾಂತರವಾಗಿ ಹೊಳೆ ಹರಿಯಬೇಕೆಂಬ ಹಟವನ್ನು ನಾನು ಬಿಡಲಿಲ್ಲ. ಅದಕ್ಕೆ ದಾರಿ ತೋರಿಸಿದವಳು ಭದ್ರೆ. ಬಾಳೆಹೊನ್ನೂರಿನಿಂದ ಲಕ್ಕವಳ್ಳಿಯ ಕಡೆಗೆ ಅವಳು ಉತ್ತರಾಭಿಮುಖವಾಗಿ ಸಾಗುವಾಗ ಪೂರ್ವದಲ್ಲಿ ಬಾಬಾಬುಡನ್‌ಗಿರಿ ಅಡ್ಡ ನಿಂತಿದೆ. ಹೆಬ್ಬರೆಯ ಪೂರ್ವಕ್ಕೆ, ಹಲಗೆಯ ಮೇಲೆ ಒಂದು ಗೇಣು ದೂರದಲ್ಲಿ, ತಗ್ಗಾದ ಇನ್ನೊಂದು ಸಾಲನ್ನು ಕಟ್ಟಿದೆ. ಇರುಳೆ ತಾನಾಗಿಯೇ ಎರಡರ ನಡುವೆ ತಿರುಗಿಕೊಂಡಳು. ಕಥೆಯಲ್ಲಿ ಇದರ ಫಲ ದೊಡ್ಡದು: ಹೊಳೆ ದಾಟಿ ಬಂದ ಶತ್ರುವಿಗೆ ಎದುರಿಗೆ ಮತ್ತೊಂದು ಏರು ಕಾದಿರುತ್ತದೆ.

ಔಷಧಿ ಹೊಡೆಯುವ ಪಂಪಿನಿಂದ ಪಶ್ಚಿಮದ ಕಡೆಯಿಂದಷ್ಟೇ ಮಳೆ ಸುರಿಸಿದ್ದು ಎರಡನೆಯ ಗೆಲುವು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ಚಳ್ಳಕೆರೆಗೆ ಅದರ ಹತ್ತನೆಯ ಒಂದು ಪಾಲೂ ದಕ್ಕುವುದಿಲ್ಲ; ನನ್ನ ಹಲಗೆಯಲ್ಲೂ ಅದೇ ಭೇದ ಬೇಕಿತ್ತು. ಕಡಿದಾದ ಪಶ್ಚಿಮದ ಇಳಿಜಾರಿನ ತೊರೆಗಳು ಹಿಂದಕ್ಕೆ ಹಿಂದಕ್ಕೆ ಕೊರೆಯುತ್ತ ಬಂದು ನೆತ್ತಿಯಲ್ಲಿ ಕಚ್ಚು ಮಾಡಿದವು. ಆ ಕಚ್ಚುಗಳೇ ನನ್ನ ಘಟ್ಟದ ದಾರಿಗಳಾದವು. ಮೊದಲು ಕೋಟೆಗಳನ್ನು ಶಿಖರಗಳ ಮೇಲೆ ಇಡಬೇಕೆಂದಿದ್ದೆ. ಈಗ ಅವೆಲ್ಲ ಕಚ್ಚುಗಳ ಕೆಳಗೆ ಇಳಿದಿವೆ.

ಬೇಸಿಗೆಯ ಹರಿವು ನೋಡಲು ಪಂಪನ್ನು ಕಾಲು ಭಾಗಕ್ಕೆ ಇಳಿಸಿ, ನೀರಿಗೆ ಬಟ್ಟೆಯ ನೀಲಿ ಬೆರೆಸಿದೆ. ಪಾತ್ರ ಅಗಲವಾಗಿ ಮರಳು ಹರಡಿದ ಕಡೆಗಳಲ್ಲಿ ನೀಲಿ ತೆಳುವಾಗಿ ಎಳೆಎಳೆಯಾಯಿತು, ಅಂಥ ಮೂರು ನಾಲ್ಕು ಜಾಗ ಸಿಕ್ಕವು. ಅವೇ ಕಡವುಗಳು. ಹೊಳೆಯನ್ನು ಕಾಯುವುದೆಂದರೆ ಕಡವನ್ನು ಕಾಯುವುದು. 1565ರ ಯುದ್ಧಕ್ಕೆ ಮುನ್ನ ವಿಜಯನಗರದ ಪಡೆ ಕೃಷ್ಣೆಯ ಕಡವನ್ನು ಕಾಯುತ್ತಿದ್ದಾಗ, ಸುಲ್ತಾನರ ದಂಡು ಬೇರೆ ಕಡೆ ದಾಟುವಂತೆ ತೋರಿಸಿಕೊಂಡು, ಕಾವಲು ಸರಿದೊಡನೆ ಹಿಂತಿರುಗಿ ದಾಟಿತೆಂದು ಇತಿಹಾಸಕಾರರು ಬರೆಯುತ್ತಾರೆ. ನನ್ನ ಎರಡನೆಯ ಭಾಗದ ದಾಳಿಯನ್ನು ಆ ನೀಲಿ ಎಳೆಗಳನ್ನು ಎದುರಿಗಿಟ್ಟುಕೊಂಡೇ ಬರೆದೆ.

ನಡುವೆ ಕುತೂಹಲಕ್ಕೆ ಒಂದು ಕಣಿವೆಗೆ ಜೇಡಿಯ ಒಡ್ಡು ಹಾಕಿ ಕೆರೆ ಮಾಡಿದ್ದೆ. ರಾತ್ರಿ ಒಡ್ಡು ಒಡೆದು, ಬೆಂಕಿಪೊಟ್ಟಣಗಳಿಂದ ಮಾಡಿದ ಗಡಿಪೇಟೆ ಹಲಗೆಯ ಅಂಚಿನವರೆಗೆ ಕೊಚ್ಚಿಹೋಗಿತ್ತು. ಆ ಪೇಟೆಯನ್ನು ಕಥೆಯಲ್ಲೂ ಮೂರು ತಲೆಮಾರು ಹಿಂದೆ ಪ್ರವಾಹಕ್ಕೆ ಸಿಕ್ಕ ಹಾಳೂರನ್ನಾಗಿಯೇ ಉಳಿಸಿದ್ದೇನೆ.

ನೇರ ಮೇಲಿನಿಂದ ಫೋಟೊ ತೆಗೆದು, ಟ್ರೇಸಿಂಗ್ ಹಾಳೆಯಲ್ಲಿ ಗೆರೆ ಎಳೆದರೆ ನಕ್ಷೆ ಸಿದ್ಧ. ಮುಂದಿನ ಭಾಗಕ್ಕೆ ಹೆಬ್ಬರೆಯ ಆಚೆಯ ಕರಾವಳಿ ಬೇಕಾಗಿದೆ. ಅಳಿವೆಬಾಯಿಯ ಮರಳುದಿಣ್ಣೆ ಇನ್ನೂ ನಿಲ್ಲುತ್ತಿಲ್ಲ. ತಟ್ಟೆ ಅಲುಗಿಸಿ ಅಲೆ ಎಬ್ಬಿಸುವ ಒಂದು ಉಪಾಯವನ್ನು ಈಗ ಪರೀಕ್ಷಿಸುತ್ತಿದ್ದೇನೆ.