1966ರ ಮಸ್ಟಾಂಗು, ನಮ್ಮ ಮನೆ ಗ್ಯಾರೇಜು, ನಾಲ್ಕು ಚಳಿಗಾಲ

ಈ ಹಳೆ ಫೋರ್ಡ್ ಮಸ್ಟಾಂಗ್ ಕಾರು ಮನೆಗೆ ತಂದ ಮೂರನೇ ದಿನ ಮಳೆ ಬಂತು. ಹಾಲು ತರೋಣ ಅಂತ ಹೊರಟಿದ್ದೆ. ಮೊದಲ ತಿರುವಿನಲ್ಲೇ ಎಡಗಾಲಿನ ಮೇಲೆ ಒಂದು ಲೋಟದಷ್ಟು ತಣ್ಣೀರು ಸುರಿಯಿತು. ಕಿಟಕಿ ಮುಚ್ಚಿತ್ತು, ಮುಂದಿನ ಗಾಜೂ ಸೋರುತ್ತಿರಲಿಲ್ಲ. ನೀರು ಡ್ಯಾಶ್‌ಬೋರ್ಡಿನ ಒಳಗಿಂದ ಬರುತ್ತಿತ್ತು. ಯಾವುದೋ ರಬ್ಬರ್ ಹೋಗಿರಬೇಕು, ಇಪ್ಪತ್ತು ಡಾಲರ್ ಕೆಲಸ ಅಂದುಕೊಂಡೆ. ಆ ಒಂದು ಲೋಟ ನೀರು ನನ್ನ ಎರಡು ಚಳಿಗಾಲ ತಿಂದಿತು.

ನಾನು ಇರುವುದು ಡೆಟ್ರಾಯ್ಟ್ ಪಕ್ಕದ ಒಂದು ಊರಿನಲ್ಲಿ. ಹುಟ್ಟೂರು ತಿಪಟೂರು. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಹೊಸ ಕಾರುಗಳ ಬ್ರೇಕ್ ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ನನ್ನ ಕೆಲಸ. ಕೈಗೆ ಗ್ರೀಸ್ ಹತ್ತುವ ಕೆಲಸವೇ ಅಲ್ಲ. ಇಲ್ಲಿ ಪ್ರತಿ ವರ್ಷ ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ಹಳೆ ಕಾರುಗಳ ಮೆರವಣಿಗೆ ಇರುತ್ತದೆ, ವುಡ್‌ವರ್ಡ್ ಡ್ರೀಮ್ ಕ್ರೂಸ್ ಅಂತ, 1995ರಿಂದ ನಡೆಯುತ್ತಿದೆ. ಒಂಥರಾ ನಮ್ಮೂರ ತೇರು ಇದ್ದ ಹಾಗೆ. ಜನ ಬೆಳಗ್ಗೆಯೇ ಕುರ್ಚಿ ತಂದು ಫುಟ್‌ಪಾತಿನಲ್ಲಿ ಜಾಗ ಹಿಡಿಯುತ್ತಾರೆ. ನಾನೂ ಆರು ವರ್ಷ ಹಾಗೆ ಕುರ್ಚಿ ಹಾಕಿಕೊಂಡು ನೋಡಿದವನೇ. ಏಳನೇ ವರ್ಷ ತಲೆ ಕೆಟ್ಟಿತು, ನನಗೂ ಒಂದು ಮಸಲ್ ಕಾರು ಬೇಕು ಅನ್ನಿಸಿತು.

ಮಸ್ಟಾಂಗ್ ಮಸಲ್ ಕಾರೇ ಅಲ್ಲ, ಅದು ಪೋನಿ ಕಾರು, ಅಂದರೆ ಚಿಕ್ಕ ಗಾತ್ರದ ಸ್ಪೋರ್ಟಿ ಕಾರು ಅನ್ನುವವರು ಇದ್ದಾರೆ. ಅವರ ಲೆಕ್ಕದಲ್ಲಿ ಮಸಲ್ ಕಾರು ಅಂದರೆ 1964ರ ಪಾಂಟಿಯಾಕ್ ಜಿಟಿಒ ತರಹ ನಡುಗಾತ್ರದ ಕಾರಿನೊಳಗೆ ದೊಡ್ಡ ವಿ8 (ಎಂಟು ಸಿಲಿಂಡರಿನ) ಎಂಜಿನ್ ತುರುಕಿದ್ದು. ಸರಿ, ಇರಲಿ. ನನ್ನ ಬಜೆಟ್ಟಿಗೆ ಸಿಕ್ಕಿದ್ದು ಮಸ್ಟಾಂಗು. ಅದೂ ಅಲ್ಲದೆ 1966ರಲ್ಲಿ ಈ ಕಾರು ಆರು ಲಕ್ಷಕ್ಕೂ ಜಾಸ್ತಿ ತಯಾರಾಗಿತ್ತು, ಹಾಗಾಗಿ ಒಂದು ಸ್ಕ್ರೂನಿಂದ ಹಿಡಿದು ಇಡೀ ಬಾಗಿಲಿನವರೆಗೆ ಎಲ್ಲವೂ ಹೊಸದಾಗಿ ಮಾಡಿದ್ದು ಸಿಗುತ್ತದೆ. ಮನೆಯಲ್ಲಿ ಕೆಲಸ ಮಾಡುವವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಕೊಳ್ಳುವಾಗ ಎರಡು ವಿಷಯ ಗೊತ್ತಿತ್ತು. ಒಂದು, ಗಾಡಿ ನಂಬರ್ ಓದುವುದು. ಬಾನೆಟ್ ಎತ್ತಿದರೆ ಡ್ರೈವರ್ ಕಡೆಯ ತಗಡಿನ ಮೇಲೆ ಅಚ್ಚು ಹೊಡೆದಿರುತ್ತಾರೆ. ನನ್ನದು 6ಎಫ್07ಸಿ ಅಂತ ಶುರುವಾಗುತ್ತದೆ. 6 ಅಂದರೆ 1966, ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, 07 ಅಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್, ಸಿ ಅಂದರೆ 289 ಕ್ಯೂಬಿಕ್ ಇಂಚಿನ ವಿ8, ನಮ್ಮ ಲೆಕ್ಕದಲ್ಲಿ 4.7 ಲೀಟರ್. ಆ ಜಾಗದಲ್ಲಿ ಟಿ ಇದ್ದರೆ ಅದು ಆರು ಸಿಲಿಂಡರಿನ ಗಾಡಿ, ಚಕ್ರಕ್ಕೆ ನಾಲ್ಕೇ ನಟ್ಟು. ಅದಕ್ಕೆ ವಿ8 ಹಾಕುತ್ತೇನೆ ಅಂತ ಹೊರಟರೆ ಬ್ರೇಕು, ಆಕ್ಸಲ್ಲು, ಸ್ಟೀರಿಂಗು ಎಲ್ಲವನ್ನೂ ಬದಲಾಯಿಸಬೇಕು. ಎರಡನೆಯದು ಅಯಸ್ಕಾಂತ. ಬಟ್ಟೆ ಸುತ್ತಿ ಬಾಡಿ ಮೇಲೆ ಆಡಿಸಿದರೆ ಎಲ್ಲಿ ಅಂಟುವುದಿಲ್ಲವೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಹಿಂದಿನ ಚಕ್ರದ ಮೇಲೆ ಒಂದು ಅಂಗೈ ಅಗಲ ಅಂಟಲಿಲ್ಲ. ಅದನ್ನು ತೋರಿಸಿ ಐನೂರು ಡಾಲರ್ ಕಡಿಮೆ ಮಾಡಿಸಿ, ಭಾರೀ ಬುದ್ಧಿವಂತ ಅಂದುಕೊಂಡು ಬಂದೆ. ನೀರಿನ ಪೈಪ್ ಹಿಡಿದು ನೋಡಬೇಕಿತ್ತು, ಅದು ಗೊತ್ತಿರಲಿಲ್ಲ.

ಬಾನೆಟ್ ಮುಗಿದು ಮುಂದಿನ ಗಾಜು ಶುರುವಾಗುವ ಕಡೆ ಸೀಳು ಸೀಳಾದ ಜಾಲರಿ ಇರುತ್ತದಲ್ಲ, ಅದರ ಕೆಳಗೆ ಗಾಡಿಯ ಅಗಲಕ್ಕೂ ಒಂದು ತಗಡಿನ ಪೆಟ್ಟಿಗೆ ಇದೆ. ಇಲ್ಲಿನವರು ಕೌಲ್ ಅಂತಾರೆ. ಮಳೆ ನೀರು ಅದರೊಳಗೆ ಬಿದ್ದು ಎರಡೂ ಪಕ್ಕದಿಂದ ಹರಿದು ಹೋಗಬೇಕು. ಆದರೆ ಅದೇ ಪೆಟ್ಟಿಗೆಯಿಂದಲೇ ಕಾರಿನೊಳಗೆ ಗಾಳಿಯೂ ಬರಬೇಕು. ಅದಕ್ಕೆ ಪೆಟ್ಟಿಗೆಯ ತಳದಲ್ಲಿ ಎರಡು ದೊಡ್ಡ ತೂತು, ನೀರು ಅದರೊಳಗೆ ಇಳಿಯದ ಹಾಗೆ ಸುತ್ತ ಬಾವಿಗೆ ಕಟ್ಟೆ ಕಟ್ಟಿದ ಹಾಗೆ ತಗಡಿನ ಅಂಚು. ಐವತ್ತು ವರ್ಷದ ಎಲೆ, ಕಸ, ಮಣ್ಣು ಎಲ್ಲ ಆ ಕಟ್ಟೆಯ ಬುಡದಲ್ಲಿ ಕೂತು ಒದ್ದೆಯಾಗಿಯೇ ಇದ್ದರೆ ಏನಾಗುತ್ತದೆ? ಕಟ್ಟೆಯ ಬುಡ ತುಕ್ಕು ಹಿಡಿದು ಉದುರುತ್ತದೆ. ನೀರು ನೇರ ಕಾಲಿನ ಮೇಲೆ. ಅಲ್ಲಿಂದ ಕಾರ್ಪೆಟ್ ಕೆಳಗೆ. ಅಲ್ಲಿಂದ ನೆಲದ ತಗಡಿಗೆ. ನಾನು ಕಾರ್ಪೆಟ್ ಎತ್ತಿದಾಗ ಬ್ರೇಕ್ ಪೆಡಲಿನ ಕೆಳಗೆ ಗ್ಯಾರೇಜಿನ ಸಿಮೆಂಟ್ ನೆಲ ಕಾಣಿಸಿತು.

ಈ ಪೆಟ್ಟಿಗೆಗೆ ಕೈ ಹಾಕುವ ದಾರಿಯೇ ಇಲ್ಲ. ಬಾನೆಟ್ಟು, ಎರಡೂ ಕಡೆಯ ಫೆಂಡರು (ಮುಂದಿನ ಚಕ್ರದ ಮೇಲಿನ ತಗಡು), ವೈಪರು, ಮುಂದಿನ ಗಾಜು ಎಲ್ಲ ಬಿಚ್ಚಬೇಕು. ಆಮೇಲೆ ಮೇಲಿನ ತಗಡನ್ನು ಹಿಡಿದಿರುವ ಸ್ಪಾಟ್ ವೆಲ್ಡುಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ ಬಿಡಿಸಬೇಕು. ಕಡಲೆಕಾಳಿನಷ್ಟು ಒಂದೊಂದು ಚುಕ್ಕೆ. ಬಣ್ಣದ ಕೆಳಗೆ ಕಾಣುವುದೂ ಇಲ್ಲ, ವೈರ್ ಬ್ರಷ್ ಹಾಕಿ ಉಜ್ಜಿ ಹುಡುಕಬೇಕು. ಡ್ರಿಲ್ ಮೇಲಿನ ತಗಡನ್ನು ಮಾತ್ರ ಕೊರೆಯಬೇಕು, ಕೆಳಗಿನದನ್ನು ಮುಟ್ಟಬಾರದು. ಬಿಟ್ಟಿನ ತುದಿಯಿಂದ ಬರುವ ಪುಡಿ ಬೂದು ಬಣ್ಣದಿಂದ ಸಡನ್ನಾಗಿ ತುಕ್ಕಿನ ಕಂದು ಬಣ್ಣಕ್ಕೆ ತಿರುಗುತ್ತದೆ, ಅಂದರೆ ಎರಡು ತಗಡಿನ ಸಂದಿಗೆ ಬಂದೆ ಅಂತ ಅರ್ಥ, ಅಲ್ಲಿ ಕೈ ನಿಲ್ಲಬೇಕು. ಇದು ಯಾರೂ ಹೇಳಿಕೊಡಲಿಲ್ಲ, ಇಪ್ಪತ್ತು ಮೂವತ್ತು ಚುಕ್ಕೆ ಕೆಡಿಸಿದ ಮೇಲೆ ಕೈಗೇ ಗೊತ್ತಾಯಿತು. 140ರ ತನಕ ಎಣಿಸಿದೆ, ಆಮೇಲೆ ಬಿಟ್ಟೆ.

ವೆಲ್ಡಿಂಗ್ ನನಗೆ ಬರುತ್ತಿರಲಿಲ್ಲ. ಒಂದು ಮಿಗ್ ವೆಲ್ಡರ್ ತಗೊಂಡೆ, 0.023 ಇಂಚಿನ ತಂತಿ, ಮುಕ್ಕಾಲು ಪಾಲು ಆರ್ಗಾನ್ ಕಾಲು ಪಾಲು ಕಾರ್ಬನ್ ಡೈಆಕ್ಸೈಡ್ ಇರುವ ಸಿಲಿಂಡರು. ಒಂದು ತಿಂಗಳು ಹಳೆ ತಗಡಿನ ಮೇಲೆ ಕಲಿತೆ. ತೆಳು ತಗಡಿಗೆ ಉದ್ದಕ್ಕೆ ಗೆರೆ ಎಳೆದ ಹಾಗೆ ಬೆಸುಗೆ ಹಾಕಿದರೆ ಬಿಸಿಗೆ ಹಪ್ಪಳದ ಹಾಗೆ ಸುತ್ತಿಕೊಳ್ಳುತ್ತದೆ. ಇಲ್ಲೊಂದು ಚುಕ್ಕೆ, ಒಂದು ಗೇಣು ಆಚೆ ಇನ್ನೊಂದು ಚುಕ್ಕೆ, ಆರಲು ಬಿಡಬೇಕು, ಮತ್ತೆ ನಡುವೆ ಒಂದು. ರಂಗೋಲಿ ಚುಕ್ಕಿ ಇಟ್ಟ ಹಾಗೆ. ಹೀಗೆ ಇಟ್ಟುಕೊಂಡು ಹೋದರೆ ಒಂದು ಮೊಳ ಬೆಸೆಯಲು ಒಂದು ಸಂಜೆ ಬೇಕು. ಬೇಗ ಮುಗಿಸಬೇಕು ಅನ್ನುವವರು ಈ ಕೆಲಸಕ್ಕೆ ಬರಲೇಬಾರದು.

ಒಂದು ದಿನ ಬೆಂಕಿಯೂ ಬಿತ್ತು. ಡ್ಯಾಶ್‌ಬೋರ್ಡಿನ ಕೆಳಗೆ ಹಳೆಯ ನಾರಿನ ಹಾಸು ಅಂಟಿಕೊಂಡಿತ್ತು, ಪೂರ್ತಿ ಕಿತ್ತಿರಲಿಲ್ಲ, ಸೋಮಾರಿತನ. ಈ ಕಡೆ ವೆಲ್ಡ್ ಮಾಡುತ್ತಿದ್ದರೆ ಆ ಕಡೆ ಅದು ಹೊಗೆಯಾಡುತ್ತಿತ್ತು. ಮುಖಕ್ಕೆ ಮಾಸ್ಕ್ ಇದ್ದವನಿಗೆ ಏನೂ ಕಾಣುವುದಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ಮಗಳು "ಅಪ್ಪಾ, ನಿನ್ ಕಾರಿಂದ ಹೊಗೆ ಬರ್ತಿದೆ" ಅಂದಳು, ತುಂಬಾ ಸಮಾಧಾನವಾಗಿ. ಆವತ್ತಿನಿಂದ ವೆಲ್ಡಿಂಗ್ ಮಾಡುವಾಗ ಒದ್ದೆ ಟವೆಲ್ಲು, ಬೆಂಕಿ ಆರಿಸುವ ಸಿಲಿಂಡರು ಪಕ್ಕದಲ್ಲೇ ಇರುತ್ತವೆ. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಗ್ಯಾರೇಜಿನಲ್ಲೇ ಸುಮ್ನೆ ಕೂರುತ್ತೇನೆ. ಹೆಂಡತಿಗೆ ಇದು ಕೆಲಸ ತಪ್ಪಿಸಿಕೊಳ್ಳುವ ನೆಪ ಅಂತ ಅನುಮಾನ, ಅರ್ಧ ನಿಜ.

ಎರಡು ಚಳಿಗಾಲ ಹೀಗೆ ಕಳೆದ ಮೇಲೆ ಎಂಜಿನ್ನಿಗೆ ಕೈ ಹಾಕುವ ಆಸೆ ತಡೆಯಲಾಗಲಿಲ್ಲ. ಕಂಪನಿಯ ಲೆಕ್ಕದಲ್ಲಿ 200 ಹಾರ್ಸ್‌ಪವರ್, ನನಗೆ 300 ಬೇಕಿತ್ತು. ಎದುರು ಮನೆಯ ಅಜ್ಜ, ಕಾರ್ಖಾನೆಯಲ್ಲಿ ಡೈ, ಅಂದರೆ ಅಚ್ಚು ಮಾಡುತ್ತಿದ್ದು ರಿಟೈರ್ ಆದವರು, ನನ್ನ ಲಿಸ್ಟ್ ನೋಡಿ ಒಂದೇ ಮಾತು ಕೇಳಿದರು: ಇದು ನಿಲ್ಲುತ್ತಾ? ನಾನು ಬ್ರೇಕಿನವನೇ ಆಗಿದ್ದೂ ನಾಚಿಕೆಯಾಯಿತು. 1966ರ ಮಸ್ಟಾಂಗಿನಲ್ಲಿ ಸಾಮಾನ್ಯವಾಗಿ ನಾಲ್ಕೂ ಚಕ್ರಕ್ಕೆ ಡ್ರಮ್ಮು, ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ಕೋಣೆ. ಎಲ್ಲೋ ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಆ ಕಾಲದ ಕಾರುಗಳಲ್ಲಿ ಅದು ಮಾಮೂಲು. ಎರಡು ಕೋಣೆಯದು ಬಂದದ್ದು 1967ರ ಮಾಡೆಲ್‌ನಿಂದ.

ಅದಕ್ಕೆ 1967ರ ನಮೂನೆಯ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಹಾಕಿ, ಮುಂದಕ್ಕೆ 1970ರ ದಶಕದ ಫೋರ್ಡ್ ಗ್ರಾನಡಾ ಕಾರಿನ ಡಿಸ್ಕ್ ಬ್ರೇಕ್ ಕೂರಿಸಿದೆ. ಇದು ಇಲ್ಲಿನ ಹವ್ಯಾಸಿಗಳು ಬಹಳ ವರ್ಷದಿಂದ ಮಾಡುತ್ತಿರುವ ಅದಲುಬದಲು. ಒಂದು ಎಚ್ಚರಿಕೆ. ಈ ಕಾರಿನ ಮುಂದಿನ ಸ್ಪ್ರಿಂಗು ಮೇಲಿನ ತೋಳಿನ ಮೇಲೆ ಕೂತಿರುತ್ತದೆ. ಅದನ್ನು ಒತ್ತಿ ಹಿಡಿಯುವ ಸರಿಯಾದ ಟೂಲ್ ಇಲ್ಲದೆ ಬಿಚ್ಚಲು ಹೋಗಬೇಡಿ. ಜಾರಿದರೆ ಕೈಯೂ ಉಳಿಯುವುದಿಲ್ಲ.

ಎಲ್ಲ ಜೋಡಿಸಿ ಬ್ರೇಕಿನ ಏರ್ ತೆಗೆಯಲು ಹೆಂಡತಿಯನ್ನು ಕೂರಿಸಿದೆ. ಅವಳು ಕಿವಿಯಲ್ಲಿ ಆಫೀಸ್ ಮೀಟಿಂಗ್ ಹಾಕಿಕೊಂಡು ಪೆಡಲ್ ಒತ್ತುತ್ತಾ "ಒತ್ದೆ", "ಬಿಟ್ಟೆ" ಅನ್ನುತ್ತಿದ್ದಳು, ಒಂದು ಸಲ ಮ್ಯೂಟ್ ಮಾಡಲು ಮರೆತಳು. ಬ್ರೇಕ್ ಚೆನ್ನಾಗಿಯೇ ಹಿಡಿಯಿತು. ಆದರೆ ಎರಡು ಮೈಲಿ ಓಡಿಸುವಷ್ಟರಲ್ಲಿ ಮುಂದಿನ ಚಕ್ರದಿಂದ ಸುಟ್ಟ ವಾಸನೆ, ಡಿಸ್ಕ್ ಹತ್ತಿರ ಕೈ ಇಡಲಾಗುತ್ತಿಲ್ಲ. ಬ್ರೇಕ್ ಬಿಟ್ಟರೂ ಪ್ಯಾಡ್ ಬಿಡುತ್ತಿಲ್ಲ. ಮೂರು ವಾರಾಂತ್ಯ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿದೆ, ಹಾಕಿದೆ. ತಪ್ಪು ಅಲ್ಲಿರಲಿಲ್ಲ. ನಾನು ತಂದ ಮಾಸ್ಟರ್ ಸಿಲಿಂಡರು ನಾಲ್ಕೂ ಡ್ರಮ್ ಇರುವ ಗಾಡಿಯದು. ಡ್ರಮ್ಮಿನ ಲೈನಿನಲ್ಲಿ ಯಾವಾಗಲೂ ಸ್ವಲ್ಪ ಒತ್ತಡ ಉಳಿಯಬೇಕು, ಅದಕ್ಕೆ ಎಣ್ಣೆ ಹೊರಬರುವ ತೂತಿನ ಒಳಗೆ ಒಂದು ಪುಟ್ಟ ರಬ್ಬರ್ ವಾಲ್ವ್ ಇಟ್ಟಿರುತ್ತಾರೆ. ಡಿಸ್ಕಿಗೆ ಆ ಒತ್ತಡ ಇರಲೇಬಾರದು. ತೂತಿನ ಬಾಯಿಯ ಹಿತ್ತಾಳೆ ಬಳೆಗೆ ಒಂದು ಸ್ಕ್ರೂ ತಿರುಗಿಸಿ ಎಳೆದರೆ ಬಳೆ ಬರುತ್ತದೆ, ಅದರ ಹಿಂದೆ ಆ ವಾಲ್ವು. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಅದನ್ನು ತೆಗೆದು ಬಳೆ ವಾಪಸ್ ಕೂರಿಸಿ, ಹಿಂದಿನ ಡ್ರಮ್ಮಿಗೆ ಹೋಗುವ ಲೈನಿಗೆ ಒತ್ತಡ ಕಡಿಮೆ ಮಾಡುವ ಇನ್ನೊಂದು ವಾಲ್ವ್ ಹಾಕಿದ ಮೇಲೆ ಸರಿಹೋಯಿತು. ಆ ಪುಟ್ಟ ರಬ್ಬರನ್ನು ಆಫೀಸಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಎಂಜಿನ್ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ಕಷ್ಟದ ಕೆಲಸವೆಲ್ಲ ಲೇತ್ ಅಂಗಡಿಯವರು ಮಾಡಿದರು. ಸಿಲಿಂಡರುಗಳ 4 ಇಂಚಿನ ಬೋರನ್ನು 4.030ಕ್ಕೆ ಕೊರೆಸಿದೆ. ಎಕ್ಸಾಸ್ಟ್ ವಾಲ್ವುಗಳಿಗೆ ಗಟ್ಟಿ ಸೀಟ್ ಹಾಕಿಸಿದೆ, ಆ ಕಾಲದ ಪೆಟ್ರೋಲಿನಲ್ಲಿ ಸೀಸ ಇತ್ತು, ಅದೇ ವಾಲ್ವ್ ಸೀಟನ್ನು ಸವೆಯದ ಹಾಗೆ ಕಾಯುತ್ತಿತ್ತು, ಈಗಿನದರಲ್ಲಿ ಇಲ್ಲ. ಜೋಡಿಸಿದ್ದು ನಾನೇ. ಹೆಡ್ ಬೋಲ್ಟುಗಳನ್ನು ಒಂದೇ ಸಲ ಬಿಗಿಯಬಾರದು, 50, 60, ಆಮೇಲೆ 70 ಫುಟ್-ಪೌಂಡ್ ಹೀಗೆ ಮೂರು ಸುತ್ತು. 300ರ ಆಸೆ ಅಷ್ಟರಲ್ಲಿ ಬಿಟ್ಟಿದ್ದೆ.

ಸ್ಟಾರ್ಟ್ ಮಾಡುವ ದಿನ ಬಂತು. ಸೆಲ್ಫ್ ಹೊಡೆದರೆ ಕಾರ್ಬುರೇಟರಿನಿಂದ ಢಮ್ ಅಂತ ಬೆಂಕಿ ನಾಲಿಗೆ. ಇನ್ನೊಂದು ಸಲ, ಇನ್ನೊಂದು ಢಮ್. ನಮಗೆ ಶನಿವಾರ ಬೆಳಗ್ಗೆ ಹನ್ನೊಂದು, ತಿಪಟೂರಿನಲ್ಲಿ ರಾತ್ರಿ ಎಂಟೂವರೆ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಇಪ್ಪತ್ತೆರಡು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು, ಪೆಟ್ರೋಲ್ ಎಂಜಿನ್ನಿನದು, ಗ್ಯಾರೇಜಿಗೆ ಕೊಟ್ಟದ್ದು ಕಡಿಮೆ. ಸದ್ದು ಕೇಳಿದವರೇ "ಲೋ, ಡೆಲ್ಕೊ ಉಲ್ಟಾ ಕೂರಿಸಿದ್ದೀಯ" ಅಂದರು. ಡೆಲ್ಕೊ ಅಂದರೆ ಡಿಸ್ಟ್ರಿಬ್ಯೂಟರ್, ಪ್ಲಗ್ಗುಗಳಿಗೆ ಸರದಿ ಪ್ರಕಾರ ಕರೆಂಟ್ ಹಂಚುವುದು.

"ಇಲ್ಲ ಅಪ್ಪ, ಮಾರ್ಕ್ ನೋಡಿಯೇ ಹಾಕಿದೆ."

"ಮಾರ್ಕ್ ಎರಡು ಸಲ ಬರುತ್ತೆ ಕಣೋ. ಒಂದನೇ ಪ್ಲಗ್ ಬಿಚ್ಚು. ತೂತಿಗೆ ಬೆರಳಿಡು. ಎಂಜಿನ್ನು ನಿಧಾನ ತಿರುಗಿಸು. ಗಾಳಿ ಬೆರಳನ್ನ ತಳ್ಳಿದಾಗ ಬರೋ ಮಾರ್ಕೇ ಸರಿಯಾದ್ದು."

ಅವರು ಹೇಳಿದ್ದೇ ಸರಿ. ಮಾರ್ಕ್ ತೋರಿಸುವುದು ಪಿಸ್ಟನ್ ಮೇಲಕ್ಕೆ ಬಂದದ್ದನ್ನು. ಅದು ಬರುವುದು ಎರಡು ಸಲ, ಒಂದು ಸಲ ಗಾಳಿ ಒತ್ತಲು, ಇನ್ನೊಂದು ಸಲ ಹೊಗೆ ಹೊರಗೆ ಹಾಕಲು. ನಾನು ಹೊಗೆಯ ಹೊತ್ತಿಗೆ ಡಿಸ್ಟ್ರಿಬ್ಯೂಟರ್ ಇಳಿಸಿದ್ದೆ. ಎತ್ತಿ ಅರ್ಧ ಸುತ್ತು ತಿರುಗಿಸಿ ಇಳಿಸಿದರೆ ಕೊನೆಯ ಕಾಲು ಇಂಚು ಕೂರುತ್ತಿಲ್ಲ. ಅದರ ಕೆಳತುದಿ ಆಯಿಲ್ ಪಂಪಿನ ಆರು ಮೂಲೆಯ ಕಡ್ಡಿಗೆ ಸಿಕ್ಕಬೇಕು. ಮೇಲಿಂದ ಮೆಲ್ಲಗೆ ಒತ್ತಿ ಹಿಡಿದು ಎಂಜಿನ್ನನ್ನು ಕೂದಲೆಳೆಯಷ್ಟು ತಿರುಗಿಸಿದೆ, ಟಕ್ ಅಂತ ಬಿತ್ತು. ಪಾಯಿಂಟ್ ಗ್ಯಾಪ್ ಎಷ್ಟು ಅಂತ ಅಪ್ಪ ಕೇಳಿದರು. 0.017 ಇಂಚು ಅಂದೆ. ನಮ್ಮದು ಹದಿನೈದು ಇತ್ತು ಅಂದರು. ಆಮೇಲೆ, ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಬೀಳುವ ಕ್ರಮ?

"1-5-4-2-6-3-7-8."

"ಫೋನ್ ನಂಬರ್ ಕೇಳ್ಲಿಲ್ಲ ನಾನು."

ಅವರ ಅಂಬಾಸಿಡರಿನದು 1-3-4-2, ಅಷ್ಟೇ. ಮುಂದಿನ ಸೆಲ್ಫಿಗೆ ಎಂಜಿನ್ ಹತ್ತಿತು. ವಾಲ್ವುಗಳನ್ನು ತೆರೆಯುವ ಕ್ಯಾಮ್ ಹೊಸದು ಹಾಕಿದ್ದರಿಂದ ಹತ್ತಿದ ಕೂಡಲೇ 2000 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಬಿಡದೆ ಓಡಿಸಬೇಕು, ಜಿಂಕ್ ಜಾಸ್ತಿ ಇರುವ ಎಣ್ಣೆ ಹಾಕಿ. ಇಲ್ಲದಿದ್ದರೆ ಕ್ಯಾಮ್ ಸವೆದುಹೋಗುತ್ತದೆ. ಆ ಇಪ್ಪತ್ತು ನಿಮಿಷವೂ ಅಪ್ಪ ಫೋನ್ ಇಡಲಿಲ್ಲ. ಮಾತಂತೂ ಯಾರಿಗೂ ಕೇಳಿಸುತ್ತಿರಲಿಲ್ಲ.

ಉಳಿದದ್ದು ಬೇಗ ಬೇಗ ಆಯಿತು. ಮೂರು ಕಡೆ ಹಿಡಿಯುವ ಸೀಟ್ ಬೆಲ್ಟ್ ಹಾಕುವ ತನಕ ಮಗಳನ್ನು ಕೂರಿಸಬಾರದು ಅಂತ ಮನೆಯಲ್ಲಿ ಆರ್ಡರ್ ಆಗಿತ್ತು, ಹಾಕಿದೆ. ಹಿಂದಿನ ದೀಪ ಎಲ್‌ಇಡಿ ಮಾಡಿದರೆ ಇಂಡಿಕೇಟರ್ ಮಿಣುಕುವುದೇ ನಿಂತಿತು, ಹಳೆ ಫ್ಲ್ಯಾಶರಿಗೆ ಅಷ್ಟು ಕಡಿಮೆ ಕರೆಂಟ್ ಸಾಲದು, ಎಲೆಕ್ಟ್ರಾನಿಕ್ ಫ್ಲ್ಯಾಶರ್ ಹಾಕಬೇಕಾಯಿತು. ಬಣ್ಣ ಮಾತ್ರ ಹೊರಗೆ ಹೊಡೆಸಿದೆ. ಮಿಶಿಗನ್ ಚಳಿಯಲ್ಲಿ ಗ್ಯಾರೇಜಿನಲ್ಲಿ ಪ್ರೈಮರ್ ಕೂಡ ಒಣಗುವುದಿಲ್ಲ. ಗಾಡಿ ನನ್ನ ಕೈಗೆ ಬಂದಾಗ ಕೆಂಪು ಇತ್ತು. ಬಾಗಿಲಿನ ತಗಡಿನಲ್ಲಿ ಬಣ್ಣದ ಅಕ್ಷರ ಕೆ, ಅಂದರೆ ನೈಟ್‌ಮಿಸ್ಟ್ ಬ್ಲೂ. ಡ್ಯಾಶ್‌ಬೋರ್ಡ್ ಹಿಂದೆ ಕೆರೆದಾಗ ಆ ಕಡುನೀಲಿ ಇನ್ನೂ ಇತ್ತು. ಅದನ್ನೇ ಹೊಡೆಸಿದೆ.

ಖರ್ಚು ಕೇಳಬೇಡಿ. ಕೊಂಡ ಬೆಲೆಯ ಮೂರರಷ್ಟು ದಾಟಿದ ಮೇಲೆ ರಸೀದಿ ಕೂಡಿಸುವುದು ಬಿಟ್ಟೆ. ಮಾರಿದರೆ ಅರ್ಧವೂ ಬರುವುದಿಲ್ಲ.

ಹೋದ ಆಗಸ್ಟಿನಲ್ಲಿ ವುಡ್‌ವರ್ಡ್ ರಸ್ತೆಗೆ ಹೋದೆವು. ಅಷ್ಟು ಕಾರುಗಳ ಮಧ್ಯೆ ನಮ್ಮದನ್ನು ಯಾರೂ ತಿರುಗಿಯೂ ನೋಡಲಿಲ್ಲ, ಅಂಥ ನೀಲಿ ಮಸ್ಟಾಂಗ್ ಹತ್ತಾರು ಇದ್ದವು. ಸಂಜೆ ಅಪ್ಪನಿಗೆ ಫೋಟೋ ಕಳಿಸಿದೆ. ಮೈಲೇಜ್ ಎಷ್ಟು ಬರುತ್ತೆ ಅಂತ ಕೇಳಿದರು. ಗ್ಯಾಲನ್‌ಗೆ 15 ಮೈಲಿ, ಲೀಟರಿಗೆ ಆರು ಚಿಲ್ಲರೆ ಕಿಲೋಮೀಟರ್ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಒಂದು ಲಾರಿನೇ ತಗೋಬಹುದಿತ್ತಲ್ಲೋ."

ಮೊನ್ನೆ ಜೋರು ಮಳೆಯಲ್ಲಿ ಬೇಕಂತಲೇ ಹೊರಗೆ ತೆಗೆದೆ. ಎಡಗಾಲು ಒಣಗಿಯೇ ಇತ್ತು. ಮನೆಗೆ ಬಂದು ಡಿಕ್ಕಿ ತೆಗೆದು ನೋಡಿದರೆ ಮೂಲೆಯಲ್ಲಿ ಒಂದು ಬೊಗಸೆ ನೀರು ನಿಂತಿದೆ. ಹಿಂದಿನ ಗಾಜಿನ ರಬ್ಬರ್ ಹೋಗಿರಬೇಕು. ಇಪ್ಪತ್ತು ಡಾಲರ್ ಕೆಲಸ.