ಮನೆಯಿಂದ ಕೆಲಸ ಮಾಡುವಾಗ ಆಫೀಸ್ ಸೈಟ್ ಬ್ಲಾಕ್ ಆದರೆ

ಸೈಟಿನ ಮುಂದೆ ನಿಂತು ಅನುಮಾನದ ಭೇಟಿಗಳನ್ನು ತಡೆಯುವ ಸೇವೆ ಕ್ಲೌಡ್‌ಫ್ಲೇರ್. ಅದರ ತಡೆ ಪುಟ ಬಂದ ಕೂಡಲೇ ರೀಫ್ರೆಶ್ ಒತ್ತುತ್ತಾ ಕೂರಬೇಡಿ. ಪದೇ ಪದೇ ಒತ್ತಿದರೆ 1015 ಎಂಬ ಇನ್ನೊಂದು ತಡೆ ಮೇಲೆ ಬೀಳಬಹುದು. ಮೊದಲು ಎರರ್ ಸಂಖ್ಯೆ ನೋಡಿ. 1020 ಇದ್ದರೆ ಸೈಟಿನವರೇ ಹಾಕಿದ ಫೈರ್‌ವಾಲ್ (ಯಾರನ್ನು ಒಳಬಿಡಬೇಕೆಂದು ಸೋಸುವ ವ್ಯವಸ್ಥೆ) ನಿಯಮಕ್ಕೆ ಸಿಕ್ಕಿಬಿದ್ದಿದ್ದೀರಿ. 1009 ಅಂದರೆ ದೇಶವನ್ನೇ ತಡೆದಿದ್ದಾರೆ. ನಿಮ್ಮ ವಿಪಿಎನ್ (ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ಸೇವೆ) ವಿದೇಶದ ಸರ್ವರ್ ಹಿಡಿದಿದ್ದರೂ ಇದೇ ಬರುತ್ತದೆ.

ವಿಪಿಎನ್ ಆಫ್ ಮಾಡಿ ನೋಡಿ, ಆಮೇಲೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೋಡಿ. ಹಾಟ್‌ಸ್ಪಾಟ್‌ನಲ್ಲಿ ತೆರೆದರೆ ತಕರಾರು ಬಹುತೇಕ ಮನೆಯ ಐಪಿಯದ್ದೇ (ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕದ ವಿಳಾಸ). ರೌಟರ್ ಪುಟದಲ್ಲಿ ವ್ಯಾನ್ (WAN) ಐಪಿ, ಅಂದರೆ ಇಂಟರ್ನೆಟ್ ಕಂಪನಿ ರೌಟರ್‌ಗೆ ಕೊಟ್ಟ ವಿಳಾಸ, 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ: ಹೊರಗೆ ಕಾಣುವ ಒಂದೇ ಪಬ್ಲಿಕ್ ಐಪಿ ಹಲವು ಮನೆಗಳಿಗೆ. ಯಾರದೋ ಕಂಪ್ಯೂಟರಿನ ವೈರಸ್‌ಗೆ ನಿಮಗೂ ಬಾಗಿಲು ಮುಚ್ಚುತ್ತದೆ. ರೌಟರ್ ರೀಸ್ಟಾರ್ಟ್ ಮಾಡಿದರೆ ಕೆಲವೊಮ್ಮೆ ಬೇರೆ ಐಪಿ ಸಿಗುತ್ತದೆ, ಅದೃಷ್ಟದ ಮಾತು.

‘ಮನುಷ್ಯರೇ ಎಂದು ಖಚಿತಪಡಿಸಿ’ ಪರೀಕ್ಷೆ ಮುಗಿಯದೆ ಸುತ್ತುತ್ತಲೇ ಇದ್ದರೆ ಲ್ಯಾಪ್‌ಟಾಪ್ ಗಡಿಯಾರ ಸರಿಯಿದೆಯೇ ನೋಡಿ, ಆಡ್‌ಬ್ಲಾಕರ್ ನಿಲ್ಲಿಸಿ, ಆ ಸೈಟಿನ ಕುಕೀ ಅಳಿಸಿ.

ಆದರೂ ಆಗದಿದ್ದರೆ ಪುಟದ ಕೆಳಗಿರುವ ರೇ ಐಡಿ (ಆ ಭೇಟಿಯ ಗುರುತಿನ ಕೋಡ್), ಸಮಯ, ನಿಮ್ಮ ಪಬ್ಲಿಕ್ ಐಪಿ ಮೂರನ್ನೂ ಸೈಟಿನ ಅಡ್ಮಿನ್‌ಗೆ ಕಾಪಿ ಮಾಡಿ ಪಠ್ಯವಾಗಿಯೇ ಕಳಿಸಿ. ಸ್ಕ್ರೀನ್‌ಶಾಟ್‌ನಿಂದ ಐಡಿ ಟೈಪ್ ಮಾಡುವುದು ಅವರಿಗೆ ತಲೆನೋವು. ಅವತ್ತೇ ಕಳಿಸಿ, ಕ್ಲೌಡ್‌ಫ್ಲೇರ್‌ನ ಉಚಿತ ಪ್ಲಾನಿನಲ್ಲಿ ದಾಖಲೆ ಹೆಚ್ಚು ದಿನ ಉಳಿಯದು.

ಅಡ್ಮಿನ್‌ಗಳೇ, ಕ್ಲೌಡ್‌ಫ್ಲೇರ್ ಡ್ಯಾಶ್‌ಬೋರ್ಡಿನ ಸೆಕ್ಯುರಿಟಿ ಈವೆಂಟ್ಸ್‌ನಲ್ಲಿ ರೇ ಐಡಿ ಹಾಕಿ ಹುಡುಕಿದರೆ ಯಾವ ನಿಯಮ ತಡೆಯಿತೆಂದು ಸಿಗುತ್ತದೆ. ಆ ನಿಯಮವನ್ನು ತಿದ್ದಿ. ಸಿಬ್ಬಂದಿಯ ಮನೆ ಐಪಿಯನ್ನು ಅಲೌ ಪಟ್ಟಿಗೆ ಹಾಕಬೇಡಿ: ಅದು ಬದಲಾಗುತ್ತದೆ, ಜೊತೆಗೆ ಅಕ್ಕಪಕ್ಕದವರೆಲ್ಲ ಒಳಬರುತ್ತಾರೆ. ಆಫೀಸ್ ವಿಪಿಎನ್‌ನ ಸ್ಥಿರ ಐಪಿಯೊಂದಕ್ಕೆ ಮಾತ್ರ ಅನುಮತಿ ಕೊಡಿ.